ನೋವೆಲ್ಲಿ ಎಂದು ಎರಡು ಸಲ ಕೇಳುವವರು

ನಮ್ಮ ಪೀಟಿ ಮೇಡಂ ಅವರ ಎಡಹುಬ್ಬು ಬಲಹುಬ್ಬಿಗಿಂತ ಅರ್ಧ ಇಂಚು ಮೇಲಿತ್ತು. ಚಿಕ್ಕವರಿದ್ದಾಗ ಖೋಖೋ ಕಂಬಕ್ಕೆ ಗುದ್ದಿಕೊಂಡು ಹೊಲಿಗೆ ಹಾಕಿಸಿಕೊಂಡಿದ್ದರಂತೆ. ಹೊಲಿದವರು ಹುಬ್ಬನ್ನು ಮೇಲಕ್ಕೆಳೆದು ಅಲ್ಲೇ ಬಿಟ್ಟಿದ್ದರು. ಹಾಗಾಗಿ ಅವರು ಯಾರನ್ನು ನೋಡಿದರೂ "ಹೌದಾ? ನಿಜವಾಗ್ಲೂ?" ಎಂದು ಕೇಳುತ್ತಿರುವಂತೆ ಕಾಣುತ್ತಿತ್ತು. ಬೆಳಗಿನ ಪ್ರಾರ್ಥನೆಯಲ್ಲಿ ಕಣ್ಣು ಮುಚ್ಚಿ ಕೈಮುಗಿದು ನಿಂತಾಗಲೂ ದೇವರ ಮೇಲೆ ಇವರಿಗೊಂದು ಸಣ್ಣ ಗುಮಾನಿ ಇದೆ ಅನ್ನಿಸುತ್ತಿತ್ತು.

ಇತ್ತು ಕೂಡ. ಅಗ್ರಹಾರದ ನಮ್ಮ ಹೆಣ್ಣುಮಕ್ಕಳ ಶಾಲೆಯಲ್ಲಿ ಅವರಷ್ಟು ಅನುಮಾನದ ಪ್ರಾಣಿ ಇನ್ನೊಬ್ಬರಿರಲಿಲ್ಲ. ಆಟದ ಪೀರಿಯಡ್ ತಪ್ಪಿಸಿಕೊಳ್ಳಲು ನಾವು ಅಪ್ಪನ ಸಹಿ ಇರುವ ಚೀಟಿ ತಂದರೆ, ಚೀಟಿಯನ್ನು ಬಿಡಿಸಿಯೂ ನೋಡುತ್ತಿರಲಿಲ್ಲ. "ಎಲ್ಲಿ ನೋವು?" ಎಂದು ಕೇಳಿ, ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಪುಟ್ಟ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಕಳಿಸಿಬಿಡುತ್ತಿದ್ದರು. ಗೆದ್ದೆವು ಅಂದುಕೊಂಡು ನಾವು ಮೈಮರೆಯುವ ಹೊತ್ತಿಗೆ, ನಾಲ್ಕು ದಿನ ಬಿಟ್ಟು ನಲ್ಲಿಯ ಹತ್ತಿರವೋ ಮೆಟ್ಟಿಲ ಮೇಲೋ ಹಿಡಿದು ಮತ್ತೆ ಅದನ್ನೇ ಕೇಳುವರು.

ಎಂಟನೇ ಕ್ಲಾಸಿನಲ್ಲಿ ನನಗೆ ಬಲಗಾಲಿನ ಹಿಮ್ಮಡಿ ನೋವು ಬಂತು. ಅಂದರೆ ಬರಲಿಲ್ಲ, ಬಂತು ಎಂದು ಹೇಳಿದೆ. ಮರೆತುಹೋಗಿ ಸಿಕ್ಕಿಬೀಳಬಾರದೆಂದು ಮನೆಯಲ್ಲೂ ಬಲಗಾಲು ಎಳೆದುಕೊಂಡೇ ಓಡಾಡಿದೆ. ಮೂರು ಸಲ ಕೇಳಿದರು, ಮೂರು ಸಲವೂ ಬಲ ಹಿಮ್ಮಡಿ ಅಂದೆ. ಇಷ್ಟು ಚೆನ್ನಾಗಿ ನೆನಪಿಟ್ಟುಕೊಂಡಿದ್ದಕ್ಕೆ ಮೈದಾನದ ಸುತ್ತ ನಾಲ್ಕು ರೌಂಡು ಓಡಿಸಿದರು.

"ನಿಜವಾದ ನೋವು ಒಂದ್ಕಡೆ ಕೂರಾಕಿಲ್ಲ ಕಣೆ," ಎಂದರು. "ಒತ್ತಾರೆ ಇಲ್ಲಿ, ಸಂಜೆ ಅಲ್ಲಿ. ಕೂತಲ್ಲೇ ಕೂತೈತೆ ಅಂದ್ರೆ ಅದು ಬಾಯಿಪಾಠ."

ವೈದ್ಯರು ಇದನ್ನು ಒಪ್ಪುತ್ತಾರೋ ಇಲ್ಲವೋ ಗೊತ್ತಿಲ್ಲ. ನಮ್ಮ ಶಾಲೆಯಲ್ಲಂತೂ ಅದೇ ಕಾನೂನು. ಆ ನಾಲ್ಕು ರೌಂಡಿನಲ್ಲಿ ಓಟ ನನಗೆ ಅಂಟಿಕೊಂಡದ್ದು ಮಾತ್ರ ಅವರೂ ಎಣಿಸದ ವಿಷಯ.

ಅದಾಗಿ ಇಪ್ಪತ್ತೈದು ವರ್ಷಕ್ಕೆ, ಗಂಡ, ಮಗಳು, ಬ್ಯಾಂಕಿನ ಕೆಲಸ ಎಲ್ಲದರ ನಡುವೆ ನನ್ನದು ಅಂತ ಉಳಿದದ್ದು ಓಟ ಒಂದೇ. ವಾರಕ್ಕೆ ನಾಲ್ಕು ದಿನ ಕುಕ್ಕರಹಳ್ಳಿ ಕೆರೆಯ ಸುತ್ತ, ಭಾನುವಾರ ಗುಂಪಿನ ಜೊತೆ ಚಾಮುಂಡಿ ಬೆಟ್ಟ. ಹೀಗಿರುವಾಗ ಒಂದು ಸಲ ಕಾಡಂಚಿನ ಕಾಲುದಾರಿಯಲ್ಲಿ ಗುಂಪಿನ ಓಟ ಮುಗಿಸಿ ಬಂದು ಸ್ನಾನ ಮಾಡುವಾಗ, ಮಂಡಿಯ ಹಿಂದೆ ಎಳ್ಳಿನಷ್ಟು ಪುಟ್ಟ ಉಣ್ಣೆಹುಳ ಕಚ್ಚಿಕೊಂಡಿತ್ತು. ಕಿತ್ತು ಎಸೆದೆ. ವಾರದ ಮೇಲೆ ಅಲ್ಲೊಂದು ಕೆಂಪು ಉಂಗುರ ಮೂಡಿ ಅಗಲವಾಯಿತು, ಎರಡು ದಿನ ಜ್ವರ ಬಂತು, ಎರಡೂ ತಾವಾಗಿ ಹೋದವು. ನಾನೂ ಮರೆತೆ.

ಆಮೇಲೆ ಶುರುವಾಯಿತು. ಸೋಮವಾರ ಮಂಡಿ, ಬುಧವಾರ ಮಣಿಕಟ್ಟು, ಶುಕ್ರವಾರ ದವಡೆ. ಎರಡನೇ ಮಹಡಿಗೆ ಹತ್ತಿದರೆ ಬೆಟ್ಟ ಹತ್ತಿದಷ್ಟು ಸುಸ್ತು. ನನ್ನವರು ಒಳ್ಳೆಯವರೇ, ಆದರೆ ಲೆಕ್ಕಪತ್ರ ನೋಡುವ ಮನುಷ್ಯ. "ನಿನ್ನೆ ಮಂಡಿ ಅಂದೆ, ಇವತ್ತು ಕೈ ಅಂತೀಯ. ಯಾವ್ದು ಅಂತ ಮೊದ್ಲು ಡಿಸೈಡ್ ಮಾಡು," ಎಂದರು. ಓಟದ ಗುಂಪಿನವರು ವಾಟ್ಸಾಪಿನಲ್ಲಿ "ಗೆಟ್ ವೆಲ್ ಸೂನ್" ಎಂದು ಹೂಗುಚ್ಛ ಕಳಿಸಿದರು. ಆ ಹೂವಿನ ಹಿಂದೆ ಎಷ್ಟು ಜನ ನಗುತ್ತಿದ್ದಾರೆ ಎಂದು ನಾನು ಹೆಸರು ಹಿಡಿದು ಯೋಚಿಸುತ್ತಿದ್ದೆ. ಸ್ಪೀಡು ಕಡಿಮೆಯಾಗಿದ್ದಕ್ಕೆ ನೆಪ ಹೇಳುತ್ತಿದ್ದಾಳೆ ಅನ್ನುತ್ತಾರೆ ಅನ್ನಿಸುತ್ತಿತ್ತು. ಕೊನೆಕೊನೆಗೆ ನನ್ನ ಮೇಲೇ ನನಗೆ ಅನುಮಾನ ಬಂತು.

ಮೂಳೆ ಡಾಕ್ಟರು "ಕರೆಕ್ಟಾಗಿ ಎಲ್ಲಿ ನೋವು?" ಎಂದು ಕೇಳಿದಾಗ ನನಗೆ ಭಯವಾಯಿತು. ಎಲ್ಲ ಕಡೆ ಅಂದರೆ ಇವರೂ ನಂಬುವುದಿಲ್ಲ. ಎಡ ಮಂಡಿ ಎಂದೆ. ಎಕ್ಸ್‌ರೇ ತೆಗೆದರು, ಬೆಲ್ಟು ಕೊಟ್ಟರು. ಮನೆಯಲ್ಲೂ ಎಡ ಮಂಡಿ, ಆಫೀಸಿನಲ್ಲೂ ಎಡ ಮಂಡಿ. ಎಲ್ಲರೂ ನಂಬಿದರು. ನೋವು ಮಾತ್ರ ತನ್ನ ಪಾಡಿಗೆ ಭುಜಕ್ಕೋ ಕುತ್ತಿಗೆಗೋ ಹೋಗಿ ಕೂರುತ್ತಿತ್ತು.

ಮೇಡಂ ಸಿಕ್ಕಿದ್ದು ಆಗ, ಕೆರೆ ಏರಿಯ ಮೇಲೆ. ನಿವೃತ್ತರಾಗಿ ಕೆಸರೆಯಲ್ಲಿ ತಂಗಿಯ ಮಗಳ ಜೊತೆ ಇದ್ದರು. ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಶೂ, ಕತ್ತಿನಲ್ಲಿ ಸ್ಟಾಪ್‌ವಾಚು, ಹುಬ್ಬು ಅಲ್ಲೇ. ಬೆಲ್ಟು ನೋಡಿ "ಎಲ್ಲಿ ನೋವು?" ಎಂದರು. ಎಡ ಮಂಡಿ ಎಂದೆ. ಮುಂದಿನ ವಾರ ಸಿಕ್ಕಾಗಲೂ ಅದನ್ನೇ ಕೇಳಿದರು, ನಾನೂ ಅದನ್ನೇ ಹೇಳಿದೆ. ಮೂರನೇ ಸಲ ಕೈಹಿಡಿದು ಕಲ್ಲುಬೆಂಚಿನ ಮೇಲೆ ಕೂರಿಸಿದರು.

"ಆವತ್ತು ಬಲ ಹಿಮ್ಮಡಿ, ಇವತ್ತು ಎಡ ಮಂಡಿ. ಯಾರ್ಗೆ ಸುಳ್ಳು ಹೇಳ್ತಿದ್ದೀಯೆ?"

ಮೈಯೆಲ್ಲ ಉರಿದುಹೋಯಿತು. ಎದ್ದು ಹೋಗಬೇಕೆಂದುಕೊಂಡವಳು ಅಲ್ಲೇ ಗಳಗಳ ಅತ್ತುಬಿಟ್ಟೆ. ದಿನಕ್ಕೊಂದು ಕಡೆ ನೋಯುತ್ತದೆ, ಹೇಳಿದರೆ ಯಾರೂ ನಂಬುವುದಿಲ್ಲ, ಅದಕ್ಕೇ ಒಂದು ಜಾಗ ಆರಿಸಿಕೊಂಡೆ ಎಂದೆ.

"ಈಗ ನಂಬ್ದೆ, ಬುಡು," ಎಂದರು ಮೇಡಂ. ಸೊಂಟದಿಂದ ನೋಟ್‌ಬುಕ್ಕು ತೆಗೆದು ಕೈಗಿಟ್ಟರು. "ದಿನಾ ಬರಿ. ಎಲ್ಲಿ ನೋಯ್ತದೋ ಅಲ್ಲಿ. ಯಾರೋ ನಂಬ್ಲಿ ಅಂತ ತಿದ್ದಿ ತೀಡಿ ಬರೀಬ್ಯಾಡ."

ಹದಿನೆಂಟು ದಿನ ಬರೆದೆ. ಮೇಡಂ ನನ್ನನ್ನು ಕರೆದುಕೊಂಡು ಬೇರೊಬ್ಬ ಡಾಕ್ಟರಮ್ಮನ ಹತ್ತಿರ ಹೋದರು. ಅವರನ್ನೂ ನಂಬಲಿಲ್ಲ. ಎದುರಿಗೆ ಕೂತು, "ಎಲ್ಲಾ ಪುಟ ಓದಿ ಕಣ್ರೀ, ಆಮೇಲೆ ಚೀಟಿ ಬರೀರಿ," ಎಂದರು. ಡಾಕ್ಟರಮ್ಮ ನಿಜಕ್ಕೂ ಎಲ್ಲವನ್ನೂ ಓದಿ, "ಯಾವಾಗ್ಲಾದ್ರೂ ಉಣ್ಣೆ ಕಚ್ಚಿತ್ತಾ?" ಎಂದು ಕೇಳಿದರು. ನನ್ನ ಎಡ ಮಂಡಿಯ ಕಥೆಯಲ್ಲಿ ಉಣ್ಣೆಗೆ ಜಾಗವೇ ಇರಲಿಲ್ಲ, ಹಾಗಾಗಿ ಯಾರಿಗೂ ಹೇಳಿರಲಿಲ್ಲ. ಲೈಮ್ ಅಂತ ಒಂದು ಕಾಯಿಲೆ ಇದೆ, ನಮ್ಮ ಕಡೆ ಅಪರೂಪ, ಆದರೂ ಅನುಮಾನ ಬರುತ್ತಿದೆ ಎಂದರು. ಅನುಮಾನ ಎಂಬ ಮಾತು ಕೇಳಿದ್ದೇ ಮೇಡಂಗೆ ಆ ಡಾಕ್ಟರ ಮೇಲೆ ಗೌರವ ಬಂತು. ರಕ್ತ ದೂರದೂರಿನ ಲ್ಯಾಬಿಗೆ ಹೋಯಿತು. ಮೊದಲ ರಿಪೋರ್ಟು ಅತ್ತಲೂ ಇಲ್ಲ ಇತ್ತಲೂ ಇಲ್ಲ, ಎರಡನೆಯದು ಹೌದು ಅಂದಿತು.

ನಾಲ್ಕು ವಾರ ಮಾತ್ರೆ ನುಂಗಿದರೂ ಸುಸ್ತು ಬೇಗ ಬಿಡಲಿಲ್ಲ. ಮೇಡಂ ಒಂದು ಕಲ್ಲುಬೆಂಚಿನಿಂದ ಇನ್ನೊಂದಕ್ಕೆ ನಡೆಸುತ್ತಿದ್ದರು, ಬೆಂಚು ತಲುಪಿದ ಕೂಡಲೇ ಸ್ಟಾಪ್‌ವಾಚು ಒತ್ತಿ ಕೂರಿಸುತ್ತಿದ್ದರು. ಇನ್ನೊಂದು ಹೋಗ್ತೀನಿ ಅಂದರೆ ಬಿಡುತ್ತಿರಲಿಲ್ಲ. "ನಿನ್ ಬಾಯಿ ಹೋಗ್ತೀನಿ ಅಂತದೆ. ಕಾಲು ಏನಂತದೆ ಕೇಳು," ಎನ್ನುವರು. ನಡಿಗೆ ಓಟವಾಗಲು ಐದು ತಿಂಗಳು ಹಿಡಿಯಿತು.

ಅದಾದ ಮೇಲಿನ ಎರಡು ತಿಂಗಳು ನಾನು ಓಡುತ್ತಿದ್ದೆ, ಅವರು ಎರಡನೇ ಬೆಂಚಿನಿಂದ ಏಳುತ್ತಿರಲಿಲ್ಲ. ಯಾಕೆ ಮೇಡಂ ಎಂದು ಕೇಳಿದರೆ ಎದೆಗೂಡಿನ ಕೆಳಗೆ ಬೆರಳಿಟ್ಟು ತೋರಿಸುವರು. "ಏನಿಲ್ಲ ಕಣೆ, ಗ್ಯಾಸ್ಟ್ರಿಕ್ಕು. ಇಲ್ಲೇ ಒಂಚೂರು. ನೀನು ಓಡು."

ನಾನು ನಿಲ್ಲದೆ ಕೆರೆಯ ಪೂರ್ತಿ ಸುತ್ತು ಮುಗಿಸಿದ ದಿನ ಬೆಂಚು ಖಾಲಿ ಇತ್ತು. ಹಾಗೇ ಬೆವರಿನಲ್ಲೇ ಕೆಸರೆಗೆ ಹೋದೆ. ಬಾಗಿಲ ಮುಂದೆ ಚಪ್ಪಲಿಗಳಿದ್ದವು. ಅವರನ್ನು ನಡುಮನೆಯಲ್ಲಿ ಮಲಗಿಸಿದ್ದರು. ಹುಬ್ಬು ಆಗಲೂ ಮೇಲೇ ಇತ್ತು.

"ಹೊಟ್ಟೇಲಿ ಗಡ್ಡೆ ಅಂತ ಯುಗಾದಿಗೆ ಮುಂಚೆನೇ ಗೊತ್ತಿತ್ತು ಅಕ್ಕ," ಎಂದಳು ತಂಗಿಯ ಮಗಳು. "ಒಂದಿನ ಬೆನ್ನು ಅನ್ನೋರು, ಒಂದಿನ ಭುಜ, ಒಂದಿನ ಪಕ್ಕೆ. ನಿಮ್ಗೆ ಮಾತ್ರ ಹೇಳ್ಬ್ಯಾಡ ಅಂದಿದ್ರು. ಹೇಳಿದ್ರೆ ಅವ್ಳು ಓಡೋದ್ ಬುಟ್ಟು ಆಸ್ಪತ್ರೇಲಿ ಬಂದು ಕೂರ್ತಾಳೆ ಅಂತ."

ಎರಡು ತಿಂಗಳು ನನಗೆ ಒಂದೇ ಜಾಗ ತೋರಿಸಿದ್ದರು, ಒಂದೇ ಮಾತು ಹೇಳಿದ್ದರು. ನಲ್ಲಿಯ ಹತ್ತಿರ, ಮೆಟ್ಟಿಲ ಮೇಲೆ, ಕಲ್ಲುಬೆಂಚಿನಲ್ಲಿ ಅವರು ನನಗೆ ಕಲಿಸಿದ್ದು ಕೂತಲ್ಲೇ ಕೂತ ನೋವನ್ನು ನಂಬಬಾರದು ಎಂಬುದೊಂದನ್ನೇ. ಗಂಡನನ್ನು, ಗೆಳತಿಯರನ್ನು, ಡಾಕ್ಟರನ್ನು, ನನ್ನನ್ನೇ ಅನುಮಾನಿಸಿದವಳು ನಾನು. ಅವರನ್ನು ಮಾತ್ರ ನಂಬಿದೆ. ಅಷ್ಟೂ ದಿನ ಜೀರಿಗೆ ನೀರು ಕುಡೀರಿ ಮೇಡಂ ಎಂದು ಹೇಳಿ, ಓಡಿಕೊಂಡು ಹೋದೆ.