ಮುಚ್ಚದೆ ಇಟ್ಟ ಸೀಟು

ಚಳ್ಳಕೆರೆಯ ಬಳ್ಳಾರಿ ರಸ್ತೆಯಲ್ಲಿ, ನನ್ನ ಅಂಗಡಿಗೆ ಸರಿಯಾಗಿ ಎದುರಿಗೆ, ಅಬ್ದುಲ್ ರಹೀಮ್ ಸಾಬರ ಕುಶನ್ ಅಂಗಡಿಯಿದೆ. ಲಾರಿಗಳ ಹರಿದ ಸೀಟು ಬಿಚ್ಚಿ ಹೊಸದು ಮಾಡಿಕೊಡುವುದು ಅವರ ಕಸುಬು. ನಾನು ಲಾರಿಗಳ ಮೇಲೆ ಅಕ್ಷರ ಬರೆಯುವ ಪೇಂಟರ್. ಬರೆಯುತ್ತಿದ್ದೆ ಅನ್ನುವುದೇ ಸರಿ. ಈಗ ಎಲ್ಲರೂ ಸ್ಟಿಕ್ಕರ್ ಅಂಟಿಸಿಕೊಂಡು ಹೋಗುತ್ತಾರೆ. ಆ ಸುದ್ದಿ ಎತ್ತಿದರೆ ನನಗೆ ಸಿಟ್ಟು ಬರುತ್ತದೆ, ಅದು ಬೇಡ. ಹೇಳಬೇಕಾಗಿರುವುದು ಸಾಬರ ವಿಷಯ.

ಇಪ್ಪತ್ತೆರಡು ವರ್ಷ ನಾವು ಎದುರುಬದುರು ಕೂತಿದ್ದೇವೆ. ಅಷ್ಟೂ ವರ್ಷದಲ್ಲಿ ನಮ್ಮಿಬ್ಬರ ನಡುವೆ ಆಡಿದ ಮಾತನ್ನೆಲ್ಲ ಒಟ್ಟು ಮಾಡಿ ಬರೆದರೂ ಒಂದು ಮದುವೆ ಕಾಗದದಷ್ಟು ಆಗಲಿಕ್ಕಿಲ್ಲ. ಬೆಳಿಗ್ಗೆ ಅವರು "ಟೀ ಆತಾ ಪೇಂಟರ್ರೆ?" ಅನ್ನುತ್ತಾರೆ. ನಾನು "ಆತು ಸಾಬ್ರೆ" ಅನ್ನುತ್ತೇನೆ. ಅಲ್ಲಿಗೆ ಆ ದಿನದ್ದು ಮುಗಿಯಿತು. ಸಾಬರು ಮಾತಿನಲ್ಲಿ ಮಹಾ ಜಿಪುಣರು. ನಾನೂ ಹಲ್ಲು ಕಿರಿದು ಮಾತಾಡಿಸುವ ಜಾತಿಯವನಲ್ಲ.

ಹಾಗಂತ ಅವರ ಅಂಗಡಿ ಮೌನವಾಗಿರುತ್ತಿತ್ತು ಅಂದುಕೊಳ್ಳಬೇಡಿ. ಅಲ್ಲಿ ಸದಾ ಗದ್ದಲ. ಅದಕ್ಕೆ ಕಾರಣ ಸಾಬರ ಕೆಲಸದ ರೀತಿ. ಹಳೆಯ ಲಾರಿಯ ಸೀಟೆಂದರೆ ಉದ್ದನೆಯ ಬೆಂಚು. ಅದನ್ನು ಬಿಚ್ಚಿ, ಸೋತ ಸ್ಪ್ರಿಂಗು ತೆಗೆದು ಹೊಸದು ಕಟ್ಟಿ, ಮೇಲೆ ತೆಂಗಿನ ನಾರು ತುಂಬಿ, ಗೋಣಿತಟ್ಟು ಹೊದಿಸುತ್ತಿದ್ದರು. ಅಲ್ಲಿಗೆ ಕೈ ನಿಲ್ಲಿಸುತ್ತಿದ್ದರು. ಇನ್ನು ಡ್ರೈವರ್ ಬರಬೇಕು. ಬಂದು ಆ ಗೋಣಿತಟ್ಟಿನ ಮೇಲೆ ಎರಡು ಟೀ ಕುಡಿಯುವಷ್ಟು ಹೊತ್ತು ಕೂರಬೇಕು. ಸಾಬರು ಕೆಳಗೆ ಕುಕ್ಕರಗಾಲಲ್ಲಿ ಕೂತು, ಅವನ ತೊಡೆಯ ಕೆಳಗೆ ಅಂಗೈ ತೂರಿಸಿ, ಎಲ್ಲಿ ತಗ್ಗು, ಎಲ್ಲಿ ಉಬ್ಬು ಅಂತ ನೋಡಿ, ಒಂದೊಂದು ಹಿಡಿ ನಾರು ಸೇರಿಸುತ್ತಿದ್ದರು, ಇಲ್ಲವೇ ತೆಗೆಯುತ್ತಿದ್ದರು. ಮೈಭಾರ ನಾರಿನೊಳಗೆ ಇಳಿದು ನಿಂತ ಮೇಲೆಯೇ ರೆಕ್ಸಿನ್ ಹೊದಿಸಿ ಮುಚ್ಚುವುದು. ಇದಕ್ಕೆ ಅವರು 'ಕೂರಿಸೋದು' ಅನ್ನುತ್ತಿದ್ದರು. ಕೂರಿಸದೆ ಸೀಟು ಮುಚ್ಚಿದ್ದನ್ನು ನಾನು ಒಮ್ಮೆಯೂ ನೋಡಿಲ್ಲ. ಜಿಲ್ಲೆಯ ಅರ್ಧ ಡ್ರೈವರುಗಳನ್ನು ಸಾಬರು ಮುಖ ನೋಡದೆಯೇ ಗುರುತು ಹಿಡಿಯುತ್ತಾರೆ ಅಂತ ನಾವು ತಮಾಷೆ ಮಾಡುತ್ತಿದ್ದೆವು.

ಕೂತ ಡ್ರೈವರ್ ಸುಮ್ಮನಿರುತ್ತಾನೆಯೇ? ಹುಬ್ಬಳ್ಳಿಯಲ್ಲಿ ಪಂಕ್ಚರಾದ ಕತೆ, ಹೆಂಡತಿ ತವರಿಗೆ ಹೋದ ಕತೆ, ಶೇಂಗಾ ಮೂಟೆ ತೊಯ್ದ ಕತೆ ಎಲ್ಲ ಅಲ್ಲಿ ಬಿಚ್ಚಿಕೊಳ್ಳುತ್ತಿದ್ದವು. ಸಾಬರು ತಲೆ ಎತ್ತದೆ "ಹ್ಞೂಂ" ಅನ್ನುತ್ತಾ ಕೇಳುತ್ತಿದ್ದರು. ಅವರ ಬದುಕಿಗೆ ಬೇಕಾದ ಜನವೆಲ್ಲ ಆ ಗೋಣಿತಟ್ಟಿನ ಮೇಲೆ ಬಂದು ಕೂತು ಹೋಗುತ್ತಿತ್ತು.

ಆಮೇಲೆ ಫೋಮ್ ಬಂತು, ರೆಡಿಮೇಡ್ ಸೀಟು ಬಂತು. ಯಾರು ಕೂತರೂ ಒಂದೇ, ಯಾರನ್ನೂ ಕೂರಿಸಿ ನೋಡಬೇಕಾಗಿಲ್ಲ. ಹಳೆಯ ಲಾರಿಗಳು ಗುಜರಿಗೆ ಹೋದವು. ಸಾಬರಿಗೆ ಆಟೋ ಸೀಟು, ಬೈಕ್ ಸೀಟು ಉಳಿದವು. ಗಿರಾಕಿಗಳು ಬೀಸಾಕಿ ಹೋಗಿ ಸಂಜೆ ಬಂದು ಎತ್ತಿಕೊಂಡು ಹೋಗುತ್ತಾರೆ. ಹೆಂಡತಿ ಹಲೀಮಾ ಬೀ ತೀರಿಕೊಂಡು ಮೂರು ವರ್ಷ. ನಾನು ಮಣ್ಣಿಗೆ ಹೋಗಿ ಬಂದೆ. ನಾಲ್ಕನೆಯ ದಿನ ಸಾಬರು ಅಂಗಡಿ ತೆರೆದು "ಟೀ ಆತಾ ಪೇಂಟರ್ರೆ?" ಅಂದರು, ನಾನು "ಆತು ಸಾಬ್ರೆ" ಅಂದೆ.

ಅವರ ಹಳೆಯ ಡ್ರೈವರುಗಳಲ್ಲಿ ಕೊನೆಗೆ ಉಳಿದವನು ಜೋಗಪ್ಪ. ಮೊಳಕಾಲ್ಮುರಿನ ಆಚೆ, ಸಿದ್ದಾಪುರದ ಕಡೆಯವನು. ಸ್ವಂತದ್ದೊಂದು ಹಳೆಯ ಲಾರಿ, ಅದನ್ನು ತಾನೇ ಓಡಿಸುತ್ತಿದ್ದ. ಎರಡು ವರ್ಷಕ್ಕೊಮ್ಮೆ ಸೀಟು ಕಟ್ಟಿಸಲು ಬರುತ್ತಿದ್ದ. ಕನ್ನಡದಲ್ಲಿ ಶುರು ಮಾಡಿದ ಬೈಗುಳವನ್ನು ತೆಲುಗಿನಲ್ಲಿ ಮುಗಿಸುವ ಬಾಯಿ ಅವನದು. ಸಾಬರನ್ನು "ಲೇ ರಹೀಮಾ" ಅಂತ ಕರೆಯುವ ಮನುಷ್ಯ ಈ ಊರಲ್ಲಿ ಅವನೊಬ್ಬನೇ. ಎರಡು ಟೀ ಹೊತ್ತಿಗೆ ಬಂದವನು ನಾಲ್ಕು ಟೀ ಆದರೂ ಏಳುತ್ತಿರಲಿಲ್ಲ. ಅವನು ಬಂದ ದಿನ ಸಾಬರ ನಗು ರಸ್ತೆ ದಾಟಿ ನನಗೆ ಕೇಳಿಸುತ್ತಿತ್ತು. ನಿಜ ಹೇಳಬೇಕೆಂದರೆ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಈ ಸಲ ಸಂಕ್ರಾಂತಿ ಕಳೆದ ವಾರ ಲಗೇಜ್ ಆಟೋ ಒಂದು ಬಂದು ನಿಂತಿತು. ಜೋಗಪ್ಪನ ತಂಗಿಯ ಮಗ ಮಾರುತೇಶ, ನಲವತ್ತರ ಆಸುಪಾಸಿನವನು, ಅದರಿಂದ ಜೋಗಪ್ಪನ ಲಾರಿ ಸೀಟು ಇಳಿಸಿದ.

"ಜೋಗಪ್ಪ ಎಲ್ಲಿ?" ಅಂದರು ಸಾಬರು.

"ಮಾವ ಮನೇಲವ್ನೆ. ಅತ್ತೆ ಕೊಟ್ಟು ಬಾ ಅಂದ್ಲು."

"ಕೂರಾಕೆ ಯಾವಾಗ ಬರ್ತಾನಂತೆ?"

ಮಾರುತೇಶ ಆಟೋದ ಚಕ್ರ ನೋಡುತ್ತಾ, "ಮಾವ ಈಗ ಲಾರಿ ಓಡ್ಸಲ್ಲ ಸಾಬ್ರೆ" ಅಂದ.

"ಓಡ್ಸಲ್ಲ ಅಂದ್ರೆ ಬಿಡುವು ಐತೆ ಅಂತಾತು. ಬಂದು ಕೂತು ಹೋಗಾಕೆ ಹೇಳು."

"ಹೇಳ್ತೀನಿ" ಅಂದವನೇ ಅವನು ಆಟೋ ಹತ್ತಿ ಹೊರಟುಬಿಟ್ಟ.

ಸಾಬರ ಹುರುಪು ನೋಡಬೇಕಿತ್ತು. ಅಟ್ಟದ ಮೇಲಿದ್ದ ಹಳೆಯ ಸ್ಪ್ರಿಂಗು ಇಳಿಸಿದರು. ನಾರನ್ನು ಬಿಸಿಲಿಗೆ ಹರವಿ, ಬೆರಳಲ್ಲಿ ಬಿಡಿಸಿ ಬಿಡಿಸಿ ಒಣಗಿಸಿದರು. ಮೂರೇ ದಿನದಲ್ಲಿ ಸೀಟು ಗೋಣಿತಟ್ಟಿನವರೆಗೆ ಬಂತು. ಅಂಗಡಿಯ ನಡುಮಧ್ಯೆ ಅದನ್ನಿಟ್ಟು, ಜೋಗಪ್ಪನಿಗಾಗಿ ಕಾಯುತ್ತಾ ಕೂತರು.

ಜನವರಿ ಮುಗಿಯಿತು. ಫೆಬ್ರವರಿಯೂ ಹೋಯಿತು. ಸಾಬರು ಫೋನ್ ಮಾಡುತ್ತಿದ್ದರು. ರಿಂಗಾಗುತ್ತಿತ್ತು, ಯಾರೂ ಎತ್ತುತ್ತಿರಲಿಲ್ಲ. ಮೊದಮೊದಲು ದಿನಾ ಮಾಡುತ್ತಿದ್ದವರು ಆಮೇಲೆ ಶುಕ್ರವಾರ ನಮಾಜು ಮುಗಿಸಿ ಬಂದು ಒಂದು ಸಲ ಮಾತ್ರ ಮಾಡತೊಡಗಿದರು. ಒಂದು ದಿನ, ನಾನು ಕೇಳದಿದ್ದರೂ, ರಸ್ತೆಯ ಆ ಕಡೆಯಿಂದ ಹೇಳಿದರು.

"ಫೋನೂ ಎತ್ತಲ್ಲ ಪೇಂಟರ್ರೆ. ದೊಡ್ಡ ಮನುಷ್ಯ ಆಗವ್ನೆ."

"ಮುಚ್ಚಿ ಕಳಿಸಿಬಿಡ್ರಿ ಸಾಬ್ರೆ. ಎಷ್ಟು ಸಲ ಕೂತಿಲ್ಲ ಅವನು. ಅಳತೆ ನಿಮ್ಮ ಕೈಯಾಗೇ ಐತಲ್ಲ."

"ಬರ್ಲಿ" ಅಂದರು. ಅಷ್ಟೇ.

ನನಗೆ ರೇಗಿತು. ಹೊಸಪೇಟೆಯಲ್ಲಿರುವ ಮಗಳು ಜಬೀನ್, ಅಂಗಡಿ ಬಿಟ್ಟು ಬಂದುಬಿಡಿ ಅಂತ ವರ್ಷದಿಂದ ಕರೆಯುತ್ತಿದ್ದಾಳೆ. ಅವಳಿಗೂ ಅದೇ ಉತ್ತರ, ಜೋಗಪ್ಪನ ಸೀಟೊಂದು ಬಾಕಿ ಐತಮ್ಮ ಅಂತ. ಮುದುಕನ ಹಟ ಅಂದುಕೊಂಡೆ. ಹಟ ಅಲ್ಲವೆಂದು ತಿಳಿಯಲು ನನಗೆ ಸ್ವಲ್ಪ ದಿನ ಬೇಕಾಯಿತು. ಸಾಬರಿಗೆ ಜೋಗಪ್ಪ ಬೇಕಾಗಿದ್ದ. ಎದುರಿಗೆ ಕೂತು, ಲೇ ಅಂತ ಕರೆದು, ನಾಲ್ಕು ಟೀ ಹೊತ್ತು ಹರಟುವ ಒಬ್ಬ ಮನುಷ್ಯ ಬೇಕಾಗಿದ್ದ. ಸೀಟು ಮುಚ್ಚಿ ಕಳಿಸಿದರೆ ಅವನು ಬರುವ ನೆಪವೂ ಹೋಗುತ್ತಿತ್ತು.

ಏಪ್ರಿಲ್ ಮೊದಲ ವಾರ ಮಾರುತೇಶ ಮತ್ತೆ ಬಂದ. ಮುಖ ಗಂಟಿಕ್ಕಿಕೊಂಡೇ ಬಂದ.

"ಎರಡೂವರೆ ತಿಂಗಳಾತು ಸಾಬ್ರೆ. ಒಂದು ಸೀಟಿಗೆ ಇಷ್ಟು ದಿನ ಬೇಕಾ?"

"ಅವನು ಬರ್ಲಿ ಅಂದಿದ್ನಲ್ಲ. ನನ್ನಿಂದ ತಡ ಇಲ್ಲ."

"ಎಲ್ಲಿಂದ ಬರ್ತಾನೆ?" ಅಂದ ಮಾರುತೇಶ. "ಮಾವಗೆ ದೀಪಾವಳಿ ಹಿಂದೆ ಲಕ್ವ ಹೊಡೀತು. ಬಲಗೈ, ಬಲಗಾಲು ಬಿದ್ದೋಗೈತೆ. ಮಾತೂ ಹೋಗೈತೆ. ಕುರ್ಚಿ ಮ್ಯಾಲೆ ಕೂರ್ಸಿದ್ರೆ ಬಲಕ್ಕೆ ಜಾರಿ ಬೀಳ್ತಾನೆ. ಮನೆ ಮುಂದೆ ನಿಂತಿದ್ದ ಲಾರಿ ಕಡೀಗೆ ಕೈ ಮಾಡಿ ಮಾಡಿ ತೋರಿಸ್ತಿದ್ದ. ಲಾರಿ ಗುಜರಿಗೆ ಹಾಕ್ದಾಗ ಸೀಟು ಮಾತ್ರ ಬಿಚ್ಚಿಸ್ಕಂಡ್ಳು ಅತ್ತೆ. ಇದ್ರಾಗಾದ್ರೂ ಕೂರ್ತಾನೇನೋ ಅಂತ."

ಸಾಬರು ಕೈಯಲ್ಲಿದ್ದ ದಬ್ಬಣವನ್ನು ಕೆಳಗಿಟ್ಟರು. "ಅವತ್ತೇ ಯಾಕೆ ಹೇಳ್ಲಿಲ್ಲಪ್ಪ?"

"ಮಾವ ಬ್ಯಾಡ ಅಂತ ಸನ್ನೆ ಮಾಡಿದ್ದ. ನಿಮಗೆ ತಿಳೀಬಾರ್ದು ಅಂತ."

ಇಷ್ಟು ದಿನ ಸಾಬರು ಇಲ್ಲಿ ಅವನು ಬರಲಿ ಅಂತ ಕಾಯುತ್ತಿದ್ದರು, ಅಲ್ಲಿ ಅವನು ಸೀಟು ಬರಲಿ ಅಂತ ಕಾಯುತ್ತಿದ್ದ. ಸಾಬರು ಒಂದು ಚೀಲಕ್ಕೆ ನಾರು, ಇನ್ನೊಂದಕ್ಕೆ ರೆಕ್ಸಿನ್, ದಾರ, ದಬ್ಬಣ ತುಂಬಿದರು. ಸೀಟನ್ನು ಆಟೋಗೆ ಏರಿಸಲು ನಾನು ಒಂದು ಕಡೆ ಕೈ ಕೊಟ್ಟೆ. ಏರಿಸಿದವನು ಹಾಗೇ ಹತ್ತಿಬಿಟ್ಟೆ. ನನ್ನನ್ನು ಯಾರೂ ಕರೆದಿರಲಿಲ್ಲ, ಬೇಡ ಅಂತಲೂ ಯಾರೂ ಹೇಳಲಿಲ್ಲ. ತಳಕು, ಹಾನಗಲ್ ದಾಟಿ ಮೊಳಕಾಲ್ಮುರು ಬರುವವರೆಗೆ ಸಾಬರು ಸೀಟಿನ ಅಂಚು ಹಿಡಿದುಕೊಂಡೇ ಕೂತಿದ್ದರು.

ಜೋಗಪ್ಪ ಪಡಸಾಲೆಯಲ್ಲಿ ಮಂಚದ ಮೇಲೆ ಮಲಗಿದ್ದ. ಅರ್ಧ ಆಳಾಗಿದ್ದ. ಸಾಬರನ್ನು ಕಂಡದ್ದೇ ಮುಖ ಆ ಕಡೆ ತಿರುಗಿಸಿಕೊಂಡ. ಅವನ ಹೆಂಡತಿ ಕರಿಯಕ್ಕ ಸೆರಗಲ್ಲಿ ಬಾಯಿ ಒರೆಸಿಕೊಳ್ಳುತ್ತಾ, "ನಿಮ್ಮ ಫೋನು ಬಂದಾಗೆಲ್ಲ ಎಡಗೈಯಾಗೆ ಹಿಡ್ಕಂಡು ನೋಡ್ತಿದ್ದ ಸಾಬ್ರೆ. ನಾನು ಎತ್ತಾಕೋದ್ರೆ ಬಿಡ್ತಿರ್ಲಿಲ್ಲ. ರಿಂಗು ನಿಂತ್ಮ್ಯಾಲೆ ಎದಿ ಮ್ಯಾಲಿಟ್ಕಂತಿದ್ದ" ಅಂದಳು.

ಸಾಬರು ಮಂಚದ ಅಂಚಿಗೆ ಕೂತು ಅವನ ಬಲಗೈ ಹಿಡಿದರು. ಅದು ಸತ್ತ ಕೈ. ಇನ್ನೊಂದು ಪಕ್ಕ ಹೋಗಿ ಎಡಗೈ ಹಿಡಿದರು. "ನನ್ನ ತಪ್ಪಾತು ಜೋಗಪ್ಪ. ನಾನೇ ಬರ್ಬೇಕಿತ್ತು" ಅಂದರು. ಜೋಗಪ್ಪ "ಆ... ಆ..." ಅಂದ. ಅವನಲ್ಲಿ ಉಳಿದದ್ದು ಅದೊಂದೇ ಶಬ್ದ.

ಸೀಟನ್ನು ಗೋಡೆಗೆ ಆನಿಸಿ ಇಟ್ಟೆವು. ಮಾರುತೇಶ, ನಾನು ಇಬ್ಬರೂ ಸೇರಿ ಜೋಗಪ್ಪನನ್ನು ಎತ್ತಿ ಗೋಣಿತಟ್ಟಿನ ಮೇಲೆ ಕೂರಿಸಿದೆವು. ಕೈ ಬಿಟ್ಟಿದ್ದೇ ತಡ ಬಲಕ್ಕೆ ವಾಲಿದ. ಸಾಬರು ಬೀಳಲು ಬಿಡದೆ ಅವನ ಬಲಕ್ಕೆ, ಲಾರಿಯಾಗಿದ್ದರೆ ಬಾಗಿಲಿರುತ್ತಿದ್ದ ಕಡೆ, ಒತ್ತಿ ಕೂತರು. ಅವನ ಭಾರವೆಲ್ಲ ಅವರ ಭುಜದ ಮೇಲೆ ಬಂತು. ಆಮೇಲೆ ಮಾರುತೇಶನಿಗೆ ಹಿಡಿದುಕೊಳ್ಳಲು ಹೇಳಿ ಎದ್ದು, ಅವನ ಬಲತೊಡೆಯ ಕೆಳಗೆ ಒಂದು ಹಿಡಿ ನಾರು ತೂರಿಸಿದರು. ಮತ್ತೆ ಪಕ್ಕದಲ್ಲಿ ಕೂತು ಭಾರ ನೋಡಿದರು. ಮತ್ತೆ ಎದ್ದರು, ಇನ್ನೊಂದು ಹಿಡಿ ಸೇರಿಸಿದರು, ಬೆನ್ನಿಗೊಂದು ದಿಂಡು ಕಟ್ಟಿದರು.

ಹೀಗೆ ಏಳುತ್ತಾ ಕೂರುತ್ತಾ ಇರುವಾಗ ಸಾಬರು ಮಾತಾಡತೊಡಗಿದರು. ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಎದುರಿನವನು ಮಾತಾಡಲಾರದ್ದಕ್ಕೆ ಇವರೇ ಶುರು ಮಾಡಿದರೋ ಏನೋ.

"ಹಲೀಮಾ ಹೋದ್ಮ್ಯಾಲೆ ನಾನೇ ರೊಟ್ಟಿ ಬಡಿಯೋದು ಜೋಗಪ್ಪ. ಎರಡು ಬಡೀತೀನಿ. ಒಂದು ಉಳೀತೈತೆ. ಒಂದೇ ಬಡಿಯಾನ ಅಂದ್ರೆ, ಒಂದು ರೊಟ್ಟಿಗೆ ಒಲೆ ಹಚ್ಚಾಕೆ ಮನಸು ಬರಲ್ಲ. ಉಳಿದಿದ್ದು ಬೆಳಿಗ್ಗೆ ಟೀನಾಗೆ ಅದ್ಕಂಡು ತಿಂತೀನಿ."

ಜೋಗಪ್ಪ "ಆ" ಅಂದ.

"ಜಬೀನ್ ಕರೀತಾಳೆ. ಹೋದ್ರೆ ಅಲ್ಲಿ ನಾನು ಯಾರ ಜೊತೆ ಕೂರ್ಲಿ? ಇಲ್ಲಾದ್ರೆ ನೀನು ಬರ್ತೀಯ ಅಂತ ಒಂದು ಇತ್ತು. ಸಿಟ್ಟಾಗಿ ನಿನ್ನ ಏನೇನೋ ಬೈದ್ಕಂಡೆ ನಾನು. ಅಂಗಡಿ ಬಾಗ್ಲು ಹಾಕಿದ ಮ್ಯಾಲೆ ನಿನ್ನ ಸೀಟಿನ ಮ್ಯಾಲೇ ಸ್ವಲ್ಪ ಹೊತ್ತು ಕೂತ್ಕಂತಿದ್ದೆ. ಮನೀಗೋಗಿ ಏನು ಮಾಡ್ಲಿ ಹೇಳು."

ನಾನು ಹೊಸ್ತಿಲ ಬಳಿ ನಿಂತು ಕೇಳುತ್ತಿದ್ದೆ. ಇಪ್ಪತ್ತೆರಡು ವರ್ಷ ಎದುರಿಗೆ ಕೂತ ನನಗೆ ಇದರಲ್ಲಿ ಒಂದೂ ಗೊತ್ತಿರಲಿಲ್ಲ. ಅವರು ಹೇಳಿರಲಿಲ್ಲ ನಿಜ, ನಾನು ಕೇಳಿಯೂ ಇರಲಿಲ್ಲ. ರಸ್ತೆ ದಾಟಿ ಅವರ ಅಂಗಡಿಯ ಸ್ಟೂಲಿನ ಮೇಲೆ ಕೂರಲು ನನಗೆ ಹತ್ತು ಹೆಜ್ಜೆ ಸಾಕಾಗಿತ್ತು. ನಾಚಿಕೆಯಾಯಿತು, ಅಳುವೂ ಬಂತು. ನನ್ನ ಮೇಲೆ ನನಗೇ ಸಿಟ್ಟು ಬಂದು ಹೊರಗೆ ಹೋಗಿ ಒಂದು ಚೊಂಬು ನೀರು ಕುಡಿದು ಬಂದೆ.

ಒಳಗೆ ಕೆಲಸ ಮುಂದುವರಿದಿತ್ತು. ಒಂದೊಂದು ಹಿಡಿ ನಾರಿಗೂ ಜೋಗಪ್ಪನ ಭಾರ ಸಾಬರ ಭುಜದಿಂದ ಒಂದಿಷ್ಟು ಕಡಿಮೆಯಾಗುತ್ತಾ ಬಂತು. ಮೊದಲು ತಲೆ ಎತ್ತಿದ, ಆಮೇಲೆ ಬೆನ್ನು ನೆಟ್ಟಗಾಯಿತು. ಬಿಸಿಲು ಅಂಗಳದಿಂದ ಸರಿದು ಎದುರುಮನೆಯ ಗೋಡೆ ಹತ್ತಿತ್ತು. ಎಂಟನೆಯ ಸಲವೋ ಒಂಬತ್ತನೆಯ ಸಲವೋ ಸಾಬರು ಪಕ್ಕದಲ್ಲಿ ಕೂತಾಗ ಇಬ್ಬರ ಭುಜ ಒಂದಕ್ಕೊಂದು ತಾಗಲೇ ಇಲ್ಲ. ನಡುವೆ ಒಂದು ಗೇಣು ಜಾಗವಿತ್ತು. ಯಾರ ಆಸರೆಯೂ ಇಲ್ಲದೆ ಜೋಗಪ್ಪ ಕೂತಿದ್ದ. ಎಡಗೈಯಿಂದ ಸೀಟನ್ನು ಎರಡು ಸಲ ತಟ್ಟಿದ. ಕರಿಯಕ್ಕ ಕೈ ಮುಗಿದಳು.

ಸಾಬರು ಆ ಗೇಣು ಜಾಗವನ್ನು ನೋಡುತ್ತಾ ಕೂತೇ ಇದ್ದರು. ಇನ್ನು ರೆಕ್ಸಿನ್ ಹೊದಿಸಿ ಮುಚ್ಚಿದರೆ ಅವರ ಕೆಲಸ ಮುಗಿಯಿತು. ಮುಗಿದ ಮೇಲೆ ಚಳ್ಳಕೆರೆ, ಅಂಗಡಿ, ಎರಡು ರೊಟ್ಟಿ.

ಹೊರಗೆ ಮಾರುತೇಶ ಆಟೋ ತಿರುಗಿಸಿ ನಿಲ್ಲಿಸಿದ. ಕರಿಯಕ್ಕ, "ಸರಿಯಾಗಿ ಕೂತ್ಕಂಡವ್ನಲ್ಲ ಸಾಬ್ರೆ. ಇನ್ನು ಮುಚ್ಚಿಬಿಡ್ರಿ, ಹೊತ್ತಾತು ನಿಮಗೆ" ಅಂದಳು.

"ಇನ್ನೂ ಕೂತಿಲ್ಲಕ್ಕ" ಅಂದರು ಸಾಬರು. ತಲೆ ಎತ್ತಲಿಲ್ಲ. "ನಾರು ಇನ್ನೂ ಇಳೀಬೇಕು."

ಕರಿಯಕ್ಕನಿಗೆ ಅನುಮಾನವಾಯಿತು. ನನ್ನ ಕಡೆ ತಿರುಗಿ, "ನೀವು ನೋಡ್ರಿ ಪೇಂಟರ್ರೆ, ನೆಟ್ಟಗೆ ಕಾಣ್ತಾನಲ್ಲ?" ಅಂದಳು.

ನಲವತ್ತು ವರ್ಷ ಲಾರಿಗಳ ಮೇಲೆ ಗೆರೆ ಎಳೆದವನು ನಾನು. ಜೋಗಪ್ಪ ಕೂದಲೆಳೆಯಷ್ಟೂ ವಾಲಿರಲಿಲ್ಲ.

"ಇಲ್ಲ ಕಣಕ್ಕ, ಬಲಕ್ಕೆ ವಾಲವ್ನೆ" ಅಂದೆ. "ಇವತ್ತು ಆಗಲ್ಲ ಇದು. ನಾಳೆ ನೋಡಾನ."