ನಾನು ಸುತ್ತಿದ ವೈರು

ಸವಣೂರಿನ ಬೀಗರ ಮನೆಯಲ್ಲಿ ತೊಟ್ಟಿಲ ಕಾರ್ಯಕ್ರಮವಿತ್ತು. ಹೆಂಡತಿಯನ್ನೂ ಹಿರೇಬೆಂಡಿಗೇರಿಯಿಂದ ಬಂದಿದ್ದ ಮಾವನನ್ನೂ ಕೂರಿಸಿಕೊಂಡು ಬೆಳಿಗ್ಗೆ ಹಾನಗಲ್ಲಿನಿಂದ ಹೊರಟಿದ್ದೆ. ಬಂಕಾಪುರ ದಾಟಿ ಸ್ವಲ್ಪ ದೂರಕ್ಕೆ ಕಾರು ಎರಡು ಸಲ ಜಗ್ಗಿ ನಿಂತುಬಿಟ್ಟಿತು. ಕೀಲಿ ತಿರುಗಿಸಿದರೆ ಇಂಜಿನ್ ಗರಗರ ತಿರುಗುತ್ತಿತ್ತು, ಚಾಲೂ ಆಗುತ್ತಿರಲಿಲ್ಲ. ಪೆಟ್ರೋಲು ಅರ್ಧ ಟ್ಯಾಂಕಿತ್ತು.

ಮೊನ್ನೆಯಷ್ಟೇ ಸರ್ವಿಸ್ ಮಾಡಿಸಿದ್ದಿರಲ್ಲ ಎಂದು ಮಾವ ಕೇಳಿದರು. ನಾನು ಹಾನಗಲ್ಲಿನ ಮೆಕ್ಯಾನಿಕ್‌ಗೆ ಫೋನ್ ಹಚ್ಚಿ, ಮಾವನಿಗೆ ಕೇಳಿಸಲೆಂದೇ ಜೋರಾಗಿ ಬೈದೆ. ಅವನು ಎಲ್ಲಿದ್ದೀರೆಂದು ಕೇಳಿಕೊಂಡು ಬೈಕಿನ ಮೇಲೆ ಬಂದ.

ಬ್ಯಾಟರಿ ಸರಿಯಿತ್ತು. ನನಗೆ ಕೀಲಿ ತಿರುಗಿಸಲು ಹೇಳಿ, ಹಿಂದಿನ ಸೀಟಿನ ಮೇಲೆ ಬಾಗಿ ಕಿವಿಗೊಟ್ಟ. ಟ್ಯಾಂಕಿನೊಳಗಿನ ಪಂಪಿನ ಸಪ್ಪಳವೇ ಇಲ್ಲ, ಅದಕ್ಕೆ ಕರೆಂಟ್ ಹೋಗುತ್ತಿಲ್ಲ ಎಂದ. ಫ್ಯೂಸಿನ ಡಬ್ಬಿ ತೆರೆದು ಪಂಪಿನ ಫ್ಯೂಸನ್ನು ಕಿತ್ತ. ಅದು ಕರಗಿ ಕಪ್ಪಾಗಿತ್ತು. ಅದರ ಕಾಲಿಗೆ ಸುತ್ತಿದ್ದ ಕೆಂಪು ವೈರು ಜೋತಾಡಿತು.

ಸರ್ವಿಸ್ ಆದ ಮರುದಿನ ಅದನ್ನು ಸುತ್ತಿದವನು ನಾನು. ಹಿಂದಿನ ಸೀಟಿಗೆ ಪುಟ್ಟ ಫ್ಯಾನು ಕೂರಿಸಿ, ಯಾವ ಫ್ಯೂಸು ಯಾವುದಕ್ಕೆಂದು ನೋಡದೆ ಕರೆಂಟ್ ಎಳೆದುಕೊಂಡಿದ್ದೆ. ದಾರಿಯಲ್ಲಿ ಅದರ ಗಾಳಿಯನ್ನು ಮಾವ ಹೊಗಳಿದ್ದರು ಕೂಡ. ಹೈಸ್ಕೂಲಿನಲ್ಲಿ ವಿದ್ಯುತ್ತಿನ ಪಾಠ ಮಾಡುವವನು ನಾನು.

ಅವನು ವೈರನ್ನು ನೋಡಿದ, ನನ್ನನ್ನು ನೋಡಿದ. ವೈರು ಬಿಚ್ಚಿ ಹೊಸ ಫ್ಯೂಸು ಹಾಕಿದ್ದೇ ಕಾರು ಚಾಲೂ ಆಯಿತು.

"ಸರ್ವಿಸ್ ಮಾಡೂ ಮುಂದ ಇದನ್ನ ನೋಡಬೇಕಿಲ್ಲೇನಪಾ?" ಎಂದರು ಮಾವ.

ನಾನು ಬಾಯಿ ಬಿಡುತ್ತೇನೆಂದು ಅವನು ಒಂದು ಗಳಿಗೆ ಕಾದ. ನಾನು ಕನ್ನಡಕ ಒರೆಸುತ್ತಿದ್ದೆ.

"ನೋಡಬೇಕಿತ್ರಿ ಯಜಮಾನ್ರ," ಎಂದ. "ತಪ್ಪಾತು."

ಸವಣೂರಿನಲ್ಲಿ ಊಟದ ಪಂಕ್ತಿಯಲ್ಲಿ ಕೂತು ಮಾವ, ಆ ಗ್ಯಾರೇಜಿಗೆ ಯಾರೂ ಹೋಗಬೇಡಿ ಎಂದು ಅಕ್ಕಪಕ್ಕದವರಿಗೆಲ್ಲ ಹೇಳಿದರು. ಆಗಲೂ ನಾನು ಸುಮ್ಮನೆ ಹೋಳಿಗೆ ತಿಂದೆ.

ಎಂಟು ದಿನ ತಡೆದು, ಮಾವನಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಅವರು ಪಂಕ್ತಿಯಲ್ಲಿದ್ದವರಿಗೆ ತಾವು ತಿಳಿಸುವುದಾಗಿ ಹೇಳಿ, "ನನಗ್ಯಾಕ ಹೇಳ್ತೀರಿ? ಹೋಗಿ ಅವಗ ಹೇಳ್ರಿ," ಎಂದರು.

ಗ್ಯಾರೇಜಿಗೆ ಹೋದಾಗ ಅವನು ಯಾರದೋ ಕಾರಿನಡಿ ಮಲಗಿದ್ದ. ಕಾಲುಗಳಷ್ಟೇ ಕಾಣುತ್ತಿದ್ದವು. ಅವನು ಹೊರಗೆ ಬರುವವರೆಗೆ ಕಾದರೆ ಧೈರ್ಯ ಹೋದೀತೆಂದು, ಆ ಕಾಲುಗಳ ಮುಂದೆಯೇ ನಿಂತು ತಪ್ಪು ನನ್ನದೆಂದೆ. ಒಳಗಿನ ಸಪ್ಪಳ ನಿಂತಿತು.

"ಮಾವನವರ ಮುಂದ ನಿಮ್ಮ ಮರ್ಯಾದಿ ಯಾಕ ತಗೀಲಿ ಅಂತ ಸುಮ್ಮನಾದ್ನಿರಿ," ಎಂದ. "ಆದ್ರ ನೀವ ಹೇಳ್ತೀರಂತ ತಿಳ್ಕೊಂಡಿದ್ದೆ."

ಕ್ಷಮಿಸು ಎಂದೆ. ಹೂಂ ಎಂದು ಅವನು ಮತ್ತೆ ಕೆಲಸಕ್ಕೆ ಹತ್ತಿದ.