ಸೊಲ್ಲಾಪುರದ ಬಸ್ಸಿನಲ್ಲಿ ಬಜೆಟ್ಟು

ಮಕ್ಕಳೇ, ಶ್ರಾವಣಿ, ಓಂಕಾರ, ನಿಮಗಾಗಿ ಇದನ್ನು ಬರೆದಿಡುತ್ತಿದ್ದೇನೆ. ಅಕ್ಕಲಕೋಟದಿಂದ ಸೊಲ್ಲಾಪುರಕ್ಕೆ ಹೊರಟ ಬಸ್ಸಿನಲ್ಲಿ ಇಬ್ಬರ ಸೀಟಿನ ಮೇಲೆ ನಾವಿಬ್ಬರು ಹೆಂಗಸರು ಸರಿದು ಕೂತು, ನಿವೃತ್ತ ಮಾಸ್ತರರೊಬ್ಬರಿಗೆ ಅಂಚಿನಲ್ಲಿ ಒಂದಿಷ್ಟು ಜಾಗ ಕೊಟ್ಟಿದ್ದೆವು. ಅರ್ಧ ಮೈ ಹೊರಗೆ ಜೋತುಬಿದ್ದಿದ್ದರೂ ಅವರ ಭಾಷಣ ನಿಲ್ಲಲಿಲ್ಲ. ದಿಲ್ಲಿ ಸರಕಾರ ಆದಾಯಕ್ಕಿಂತ ಒಂದು ರೂಪಾಯಿಯೂ ಹೆಚ್ಚು ಖರ್ಚು ಮಾಡಬಾರದು, ಹಾಗೆಂದು ಸಂವಿಧಾನದಲ್ಲೇ ಬರೆಯಬೇಕು, ಯಾವ ಕಾರಣಕ್ಕೂ ಸಡಿಲಿಸಬಾರದು ಎನ್ನುತ್ತಿದ್ದರು.

ಕುಂಭಾರಿಯಲ್ಲಿ ಬಸ್ಸು ನಿಂತಾಗ ತುಂಬು ಬಸುರಿಯೊಬ್ಬಳು ದವಾಖಾನೆಗೆ ಹೋಗಬೇಕೆಂದು ಬಾಗಿಲು ಬಡಿದಳು. ಜಾಗವಿಲ್ಲ ಎಂದು ಕಂಡಕ್ಟರ್ ತೆಗೆಯಲಿಲ್ಲ.

"ಕಾಯ್ದಾ ಅಂದ್ರ ಕಾಯ್ದಾನ," ಎಂದರು ಮಾಸ್ತರರು.

ಪರಗಂಡಸರೆದುರು ಎಂದೂ ಬಾಯಿಬಿಡದ ನಾನು ಅಂದುಬಿಟ್ಟೆ: "ಗುರೂಜಿ, ಕಾಯ್ದೆ ಪ್ರಕಾರ ಈ ಸೀಟು ಇಬ್ಬರದು. ಮದಲ ನೀವ ಇಳೀರಿ."

ಬಸ್ಸಿಗೆ ಬಸ್ಸೇ ನಕ್ಕಿತು. ಮಾಸ್ತರರು ಎದ್ದು ನಿಂತು, "ಬಾಗಲಾ ತಗೀಪಾ," ಎಂದು ಕಂಡಕ್ಟರ್‌ಗೆ ಹೇಳಿದರು. ಬಸುರಿಗೆ ನನ್ನ ಜಾಗ ಕೊಟ್ಟು ನಾನು ಅಂಚಿಗೆ ಸರಿದೆ. ಸೊಲ್ಲಾಪುರ ಬರುವವರೆಗೂ ಅವರು ಸರಳು ಹಿಡಿದು, "ಆದ್ರೂ ತಾಯಿ, ಸಾಲಕ್ಕೊಂದು ಮಿತಿ ಬೇಕಲಾ," ಎನ್ನುತ್ತಲೇ ಇದ್ದರು. ಬೇಕು, ಅದನ್ನು ನಾನೂ ಒಪ್ಪಿದೆ.

ಅಂದಿನಿಂದ ನನ್ನ ಅಂಜಿಕೆ ತುಸು ಇಳಿದಿದೆ. ಮರಾಠಿ ಸಾಲಿಗೆ ಹೋಗುವ ನಿಮಗೆ ಕನ್ನಡ ಓದಲು ಬರುವವರೆಗೆ ಈ ಹಾಳೆಯನ್ನು ಜೋಪಾನವಾಗಿಡಿ, ಶೇಂಗಾ ಚಟ್ನಿ ಕಟ್ಟಲು ಯಾರಿಗೂ ಕೊಡಬೇಡಿ.